ಉದ್ಯಾನವನಕ್ಕೆ ನಿರ್ಗಮನ

ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ನೂರಾ ಹದಿನೆಂಟು ಅಂಕ ತೆಗೆದ ಮನುಷ್ಯ ನಾನು. ಆ ಅಂಕಗಳಿಂದ ಮುಂದೆ ನನಗಾಗಲೀ ಕನ್ನಡಕ್ಕಾಗಲೀ ಯಾವ ಉಪಯೋಗವೂ ಆಗಲಿಲ್ಲ. ಹಾಗಾಗಿ, ನಮ್ಮ ಸಂಸಾರದ ಅತಿ ದೊಡ್ಡ ಸಮಸ್ಯೆಗೆ ನನ್ನ ಕನ್ನಡವೇ ಪರಿಹಾರ ಎಂದು ಹೊಳೆದ ದಿನ ನಾನು ಹಿಗ್ಗಿ ಹೀರೇಕಾಯಿಯಾದೆ.

ಸಮಸ್ಯೆಯ ಹೆಸರು ಇಂಚರ. ನಮ್ಮ ಒಬ್ಬಳೇ ಮಗಳು. ಆಗ ಅವಳಿಗೆ ಎರಡು ವರ್ಷ ದಾಟಿತ್ತು. ಪದ್ಮನಾಭನಗರದಲ್ಲಿ, ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿ ನಾವಿದ್ದೆವು. ಇಂಪಾದ ದನಿ ಎಂಬ ಅರ್ಥದ ಹೆಸರನ್ನು ನಾನೇ ಹುಡುಕಿ ಹುಡುಕಿ ಇಟ್ಟಿದ್ದೆ. ಮಗು ಒಂದು ಮಾತೂ ಆಡುತ್ತಿರಲಿಲ್ಲ! ಬೇಕಾದ್ದಕ್ಕೆ 'ಊಂ', ಬೇಡದ್ದಕ್ಕೆ 'ಊಂಹೂಂ'. ಇಷ್ಟೇ ಅವಳ ಶಬ್ದಭಂಡಾರ. ಜಯನಗರದ ಡಾಕ್ಟರು, "ಕಿವಿ ಚೆನ್ನಾಗಿ ಕೇಳ್ಸುತ್ತೆ, ಎಲ್ಲಾ ಅರ್ಥ ಆಗುತ್ತೆ. ಕೆಲವು ಮಕ್ಕಳು ನಿಧಾನ. ಮನೇಲಿ ಮಾತಾಡ್ತಾ ಇರಿ, ಮೂರು ತಿಂಗಳು ಬಿಟ್ಟು ನೋಡೋಣ" ಎಂದಿದ್ದರು. ನನ್ನ ಹೆಂಡತಿ ವಿದ್ಯಾಳಿಗೆ ಆ ಸಮಾಧಾನ ಸಾಲದು. ದಿನಾ ಬೆಳಿಗ್ಗೆ ಮಗುವನ್ನು ಎದುರಿಗೆ ಕೂರಿಸಿಕೊಂಡು, "ಅಮ್ಮ ಅನ್ನು ಪುಟ್ಟಿ. ಅಮ್... ಮ" ಎನ್ನುತ್ತಿದ್ದಳು. ಪುಟ್ಟಿ ಅವಳ ತುಟಿಗಳನ್ನೇ ನೋಡಿ, ಬೆರಳಿನಿಂದ ಮುಟ್ಟಿ, "ಊಂ" ಎನ್ನುತ್ತಿತ್ತು. ವಿದ್ಯಾ ನಗುತ್ತಲೇ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಅಲ್ಲಿ ನಗುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು.

ಮಾತು ಬಾರದಿದ್ದರೇನು, ನಮ್ಮ ಮಾತು ಮಾತ್ರ ಅವಳಿಗೆ ಪೂರ್ತಿ ಅರ್ಥವಾಗುತ್ತಿತ್ತು. 'ಟಾಟಾ' ಎಂದರೆ ಸಾಕು, ಚಪ್ಪಲಿ ಸ್ಟ್ಯಾಂಡಿಗೆ ಓಡಿ ಎರಡು ಚಪ್ಪಲಿ ಎತ್ತಿಕೊಂಡು ಬಾಗಿಲಲ್ಲಿ ನಿಂತುಬಿಡುತ್ತಿದ್ದಳು. ಒಂದು ನನ್ನದು, ಇನ್ನೊಂದು ವಿದ್ಯಾಳದು. ಆಮೇಲೆ ಹೊರಡದಿದ್ದರೆ ರಂಪ! ಪಾರ್ಕ್, ಐಸ್‌ಕ್ರೀಮ್, ಸ್ಕೂಟರ್ ಎಂದರೂ ಇದೇ ಗತಿ. ವಿದ್ಯಾ ತರಕಾರಿಗೆಂದು ಕೆಳಗೆ ಹೋದಾಗ ನಾನು ಅಪ್ಪಿತಪ್ಪಿ 'ಅಮ್ಮ' ಎಂದೆನೋ, ಅಮ್ಮ ಇಲ್ಲವೆಂಬುದು ತಟ್ಟನೆ ನೆನಪಾಗಿ ಇನ್ನೂ ದೊಡ್ಡ ರಂಪ. ಕೂಡಲೇ ಕೆಳಮನೆಯ ಓನರ್ ಸರೋಜಮ್ಮ ಆಂಟಿ ಮೆಟ್ಟಿಲು ಹತ್ತಿ ಬಂದು, "ಯಾಕೆ ಮಗು ಹಂಗೆ ಅಳ್ತಿದೆ?" ಎಂದು ಕೇಳುತ್ತಿದ್ದರು. ಅರ್ಧ ಗಂಟೆಯಲ್ಲಿ ಅದು ರಸ್ತೆಯ ಕೊನೆಯ ಮನೆಗೂ ತಿಳಿದಿರುತ್ತಿತ್ತು.

ಅವಳಿಗೆ ತಿಳಿಯದಿರಲೆಂದು ಇಂಗ್ಲಿಷಿನಲ್ಲಿ ಮಾತಾಡಿ ನೋಡಿದೆವು. 'ಔಟಿಂಗ್' ಎರಡೇ ದಿನಕ್ಕೆ ಬಯಲಾಯಿತು. ಅಕ್ಷರ ಬಿಡಿಸಿ ಪಿ-ಎ-ಆರ್-ಕೆ ಎಂದೆವು. ನಾಲ್ಕನೇ ದಿನ 'ಪಿ' ಎನ್ನುವಷ್ಟರಲ್ಲೇ ಚಪ್ಪಲಿ ಬಂತು!

ಆಗಲೇ ನಾನು ಗಂಟಲು ಸರಿಮಾಡಿಕೊಂಡು ಘೋಷಿಸಿದ್ದು: "ವಿದ್ಯಾ, ಇನ್ಮೇಲೆ ಗ್ರಾಂಥಿಕ ಕನ್ನಡ!"

ಪಾರ್ಕ್ ಉದ್ಯಾನವನವಾಯಿತು. ಸ್ಕೂಟರ್ ದ್ವಿಚಕ್ರ ವಾಹನ. ಐಸ್‌ಕ್ರೀಮ್ ಶೀತಲ ಖಾದ್ಯ. ಟಾಟಾ ಹೋಗುವುದು ನಿರ್ಗಮನ. ಅಮ್ಮ, ಮಾತೃಶ್ರೀ. ಉತ್ಸಾಹ ಹೆಚ್ಚಾಗಿ ಸರೋಜಮ್ಮ ಆಂಟಿಗೂ ಒಂದು ಹೆಸರಿಟ್ಟೆ: ಪ್ರಸಾರ ಕೇಂದ್ರ.

"ಉದ್ಯಾನವನಕ್ಕೆ ನಿರ್ಗಮನ ಎಷ್ಟು ಗಂಟೆಗೆ?"

"ಶಿಶು ಆಹಾರ ಸ್ವೀಕರಿಸಿದ ನಂತರ, ಸ್ವಾಮೀ!"

ಶಿಶು ಬಾಯಲ್ಲಿ ಅನ್ನ ಇಟ್ಟುಕೊಂಡು ಒಮ್ಮೆ ನನ್ನ ಮುಖ, ಒಮ್ಮೆ ಅವಳ ಮುಖ ನೋಡುತ್ತಿತ್ತು. ಚಪ್ಪಲಿ ಅಲುಗಲಿಲ್ಲ. ಗೆದ್ದೆವು! ಮದುವೆಯಾಗಿ ಐದು ವರ್ಷಕ್ಕೆ ನಾವಿಬ್ಬರು ಹೊಸದಾಗಿ ಮಾತು ಕಲಿತವರ ಹಾಗೆ ಹರಟುತ್ತಿದ್ದೆವು. ಅಷ್ಟು ನಕ್ಕ ದಿನಗಳು ಮತ್ತೆ ಬರಲಿಲ್ಲ. ಅಭ್ಯಾಸಬಲ ಮಾತ್ರ ಕೆಟ್ಟದ್ದು. ಒಂದು ಸಂಜೆ ಆಫೀಸಿನಲ್ಲಿ ಬ್ಯಾಗು ಹೆಗಲಿಗೆ ಹಾಕಿಕೊಂಡು, "ಸಾರ್, ನಾನಿನ್ನು ನಿರ್ಗಮಿಸ್ತೀನಿ" ಎಂದುಬಿಟ್ಟೆ. ಮ್ಯಾನೇಜರ್ ಗಾಬರಿಯಾಗಿ ಎದ್ದು ನಿಂತರು.

"ಯಾಕ್ರೀ ಇದ್ದಕ್ಕಿದ್ದಂಗೆ? ಬೇರೆ ಕಡೆ ಸಿಕ್ತಾ? ಕೂತ್ಕೊಳ್ಳಿ, ಸಂಬಳದ ವಿಷ್ಯ ಮಾತಾಡೋಣ."

"ಮನೆಗೆ ಸಾರ್" ಎಂದೆ. ಸಂಬಳದ ವಿಷಯ ಅಲ್ಲಿಗೇ ನಿಂತಿತು.

ಎರಡು ತಿಂಗಳು ಹೀಗೆ ಕಳೆಯಿತು. ಮಗು ಮಾತ್ರ ಇನ್ನೂ ಊಂ, ಊಂಹೂಂ. ಮಕ್ಕಳ ಜೊತೆ ಬೆರೆತರೆ ಮಾತು ಬರುತ್ತದೆ ಎಂದು ಸರೋಜಮ್ಮ ಆಂಟಿ, ತಮಗೆ ಪರಿಚಯವಿದ್ದ ಒಂದು ಪುಟ್ಟ ಪ್ಲೇಸ್ಕೂಲಿಗೆ ತಾವೇ ನಮ್ಮನ್ನೆಲ್ಲ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ವಿದ್ಯಾ ಮಗುವಿನ ಕಿವಿಯಲ್ಲಿ 'ಅಮ್ಮ' ಎನ್ನುತ್ತಿದ್ದಳು.

ಅಲ್ಲಿನ ಮೇಡಂ ಪುಟ್ಟಿಯನ್ನು ಚಿಕ್ಕ ಕುರ್ಚಿಯಲ್ಲಿ ಕೂರಿಸಿ, ಚಿತ್ರದ ಕಾರ್ಡ್ ತೋರಿಸಿದರು. "ಇದೇನು ಬಂಗಾರಿ?"

ಸ್ಕೂಟರ್. ಪುಟ್ಟಿ ನೋಡಿದಳು. ನಾವು ಮೂವರೂ ಅವಳ ಬಾಯನ್ನೇ ನೋಡಿದೆವು.

"ಪರವಾಗಿಲ್ಲ, ಇನ್ನೂ ಮಾತು..." ಎಂದು ಮೇಡಂ ಕಾರ್ಡ್ ಕೆಳಗಿಡುವಷ್ಟರಲ್ಲಿ,

"ದಿಚಕ್ಕ ವಾನ" ಎಂದಳು ನನ್ನ ಮಗಳು.

ವಿದ್ಯಾ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು. ಮೇಡಂ ಹುಬ್ಬು ಗಂಟಿಕ್ಕಿ, "ಮನೇಲಿ ಯಾವ ಭಾಷೆ ಸಾರ್ ನಿಮ್ದು?" ಎಂದರು.

"ಕನ್ನಡ ಮೇಡಂ."

"ನಾವೂ ಕನ್ನಡದವ್ರೇ ಸಾರ್!"

ಐಸ್‌ಕ್ರೀಮ್ ಚಿತ್ರ ಬಂತು. "ಚೀತಲ!" ಪಾರ್ಕಿನ ಚಿತ್ರ ಬಂತು. "ಉದ್ದಾನ... ನಿಗ್ಗಮನ!" ಎನ್ನುತ್ತಾ ಪುಟ್ಟಿ ಕುರ್ಚಿಯಿಂದ ಇಳಿದು, ಬಾಗಿಲ ಬಳಿ ಹೋಗಿ ಮೇಡಂ ಚಪ್ಪಲಿಯನ್ನೇ ಎತ್ತಿಕೊಂಡಳು. ಅಂದರೆ ಎರಡು ತಿಂಗಳಿಂದ ಈ ಶಿಶುವಿಗೆ ಎಲ್ಲವೂ ಅರ್ಥವಾಗುತ್ತಿತ್ತು! ಊಟ ಮುಗಿಯಲಿ ಎಂದು ಅವಳೇ ನಮ್ಮನ್ನು ಸಹಿಸಿಕೊಂಡಿದ್ದಳೋ ಏನೋ.

"ಇವರ್ಯಾರು ಪುಟ್ಟಾ?" ಎಂದು ಮೇಡಂ ಸರೋಜಮ್ಮ ಆಂಟಿಯನ್ನು ತೋರಿಸಿದರು.

"ಪಸಾರ ಕೇಂದ!"

"ಏನಂದ್ಲು? ಏನಂದ್ಲು?" ಎಂದರು ಆಂಟಿ.

"ಪ್ರಸಾದ ಕೇಂದ್ರ ಅಂತಿದಾಳೆ ಆಂಟಿ" ಎಂದೆ. ನೂರಾ ಹದಿನೆಂಟು ಅಂಕ ಜೀವನದಲ್ಲಿ ಕೈಹಿಡಿದದ್ದು ಆ ಒಂದು ಕ್ಷಣದಲ್ಲಿ ಮಾತ್ರ. "ನೀವು ದೇವಸ್ಥಾನದಿಂದ ಬಂದಾಗೆಲ್ಲ ಪ್ರಸಾದ ಕೊಡ್ತೀರಲ್ಲ, ಅದಕ್ಕೆ."

ಆಂಟಿಯ ಕಣ್ಣು ತುಂಬಿ ಬಂತು. ನನಗೆ ನಾಚಿಕೆಯಾಯಿತು, ನಿಜವಾಗಿಯೂ. ಆದರೆ ಸಂಜೆಯೊಳಗೆ ಇಡೀ ರಸ್ತೆಗೆ ಈ ಸುದ್ದಿ ತಲುಪಿದ್ದು ನೋಡಿ, ಹೆಸರಿಟ್ಟದ್ದು ತಪ್ಪಲ್ಲ ಎನಿಸಿತು.

ಕೊನೆಗೆ ಮೇಡಂ ವಿದ್ಯಾಳ ಕಡೆ ಕೈ ತೋರಿಸಿದರು. "ಇದ್ಯಾರು ಹೇಳು?"

ವಿದ್ಯಾ ಮಂಡಿಯೂರಿ ಕೂತಳು. ಅವಳ ತುಟಿಗಳು ಆಗಲೇ 'ಅಮ್' ಎಂದು ಮುಚ್ಚಿಕೊಂಡಿದ್ದವು. ಪುಟ್ಟಿ ಕೈಯಲ್ಲಿದ್ದ ಚಪ್ಪಲಿ ಕೆಳಗಿಟ್ಟು, ಹತ್ತಿರ ಬಂದು, ಎರಡೂ ಕೈಗಳಿಂದ ಅವಳ ಕೆನ್ನೆ ಹಿಡಿದು ಹೇಳಿದಳು:

"ಮಾತುಚಿ."

ವಿದ್ಯಾ ತಿರುಗಿ ನನ್ನನ್ನು ನೋಡಿದಳು. ಆ ನೋಟವನ್ನು ಇಲ್ಲಿ ವರ್ಣಿಸಲಾರೆ. ಆಮೇಲೆ ಮಗುವನ್ನು ಅವುಚಿಕೊಂಡು ಅತ್ತಳು, ಅಳುತ್ತಲೇ ನಕ್ಕಳು. "ನಿಮ್ ಮುಖಕ್ಕಿಷ್ಟು! ಎರಡು ವರ್ಷ ಕಾದು ನಾನು ಮಾತುಚಿ ಅನ್ನಿಸ್ಕೊಂಡೆ ಕಣ್ರೀ" ಎಂದಳು.

'ಅಮ್ಮ' ಮೂರು ವಾರ ಬಿಟ್ಟು ಬಂತು, ಯಾವ ಸದ್ದುಗದ್ದಲವಿಲ್ಲದೆ, ದೋಸೆ ಕೇಳುವಾಗ. ಬಂದ ಮೇಲೆ ಮಾತುಚಿ ಹೋಯಿತು. ಅದನ್ನು ರೆಕಾರ್ಡ್ ಮಾಡಿಕೊಳ್ಳಬೇಕು ಎಂಬ ಬುದ್ಧಿ ನಮ್ಮಿಬ್ಬರಿಗೂ ಇರಲಿಲ್ಲ.

ಈಗ ಇಂಚರಳಿಗೆ ಒಂಬತ್ತು ವರ್ಷ. ಮಾತು ನಿಲ್ಲಿಸಲು ನಾವು ಬೇಡಿಕೊಳ್ಳಬೇಕು. ಕೆಲವೊಮ್ಮೆ ತಲೆ ಬಾಚುವಾಗ ವಿದ್ಯಾ, "ಒಂದ್ಸಲ ಮಾತುಚಿ ಅನ್ನೇ" ಎಂದು ಕೇಳುತ್ತಾಳೆ. "ಅಯ್ಯೋ ಹೋಗಮ್ಮ, ನಾನೇನು ಪಾಪುನಾ?" ಎಂಬ ಉತ್ತರ ಬರುತ್ತದೆ. ಸಂಜೆ ಅವಳನ್ನು ಪಾರ್ಕಿಗೆ ಕರೆದುಕೊಂಡು ಹೋಗುವ ಕೆಲಸ ಮಾತ್ರ ನನ್ನದಾಗಿಯೇ ಉಳಿದಿತ್ತು. ಆಫೀಸಿನಿಂದ ಬೇಗ ಹೊರಡಲು ನನಗೆ ಅದೊಂದೇ ಕಾರಣ.

ಮೊನ್ನೆ ಭಾನುವಾರ ಸಂಜೆ ಅವಳು ಬಾಗಿಲಲ್ಲಿ ನಿಂತು ಎದುರುಮನೆಯ ಗೆಳತಿಗೆ ಏನೋ ಪಿಸುಗುಡುತ್ತಿದ್ದಳು. ನನಗೆ ಕೇಳಿಸಿದ್ದು "ಕಟಾಕಟಾ" ಎಂದು. ಅಕಟಕಟಾ! ಮಗಳಿಗೇನೋ ಸಂಕಟ! ಅದನ್ನೂ ಗ್ರಾಂಥಿಕ ಕನ್ನಡದಲ್ಲೇ ತೋಡಿಕೊಳ್ಳುತ್ತಿದ್ದಾಳೆ, ಎಷ್ಟಾದರೂ ನನ್ನ ಮಗಳು! ಓಡಿಹೋಗಿ, "ಏನಾಯ್ತು ಪುಟ್ಟಿ?" ಎಂದೆ. ಇಬ್ಬರೂ ಕಿಸಕ್ಕನೆ ನಕ್ಕರು. "ಕಟಾಕಟಾ ಕಹೋಕಗೋಕಣ" ಎಂದವಳೇ ಗೆಳತಿಯ ಕೈ ಹಿಡಿದು ಮೆಟ್ಟಿಲಿಳಿದಳು.

ಒಳಗಿನಿಂದ ವಿದ್ಯಾ ಕೂಗಿದಳು. "ರೀ, ಅದು ಕ ಭಾಷೆ. ಪ್ರತಿ ಅಕ್ಷರಕ್ಕೂ ಮುಂದೆ ಒಂದು ಕ. ತೆಗೆದ್ಹಾಕಿ ನೋಡಿ."

ತೆಗೆದು ನೋಡಿದೆ. ಟಾಟಾ ಹೋಗೋಣ.

"ನಿಮಗೆ ಗೊತ್ತಾದ್ರೆ ಜೊತೆಗೆ ಹೊರಟ್ಬಿಡ್ತೀರ ಅಂತ ಹಂಗೆ ಮಾತಾಡ್ತಾರೆ" ಎಂದಳು ವಿದ್ಯಾ ಹೊರಗೆ ಬರುತ್ತಾ. ಆಮೇಲೆ ನನ್ನ ಕೈಯನ್ನೇ ನೋಡುತ್ತಾ ನಿಂತಳು.

ನಾನೂ ನೋಡಿಕೊಂಡೆ. ಯಾವಾಗ ಎತ್ತಿಕೊಂಡೆನೋ, ಕೈಯಲ್ಲಿ ಎರಡು ಚಪ್ಪಲಿ ಇದ್ದವು. ಒಂದು ನನ್ನದು, ಇನ್ನೊಂದು ವಿದ್ಯಾಳದು.