ಕೆಂಪು ಕಾರೂ ಎದುರುಮನೆ ಡಬ್ಬಿಯೂ

ಜಯಸಿಂಹ ಅವರಿಗೆ ಸಕ್ಕರೆ ಕಾಯಿಲೆ ಇಲ್ಲದಿದ್ದರೆ ಆ ಮಂಗಳವಾರ ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ. ಕಾಯಿಲೆ ಬಂದ ಮೇಲಾದರೂ ಸಿಹಿ ಬಿಟ್ಟಿದ್ದರೆ ಆಗುತ್ತಿರಲಿಲ್ಲ. ಅವರು ಸಿಹಿ ಬಿಟ್ಟಿರಲಿಲ್ಲ, ಬಚ್ಚಿಡುವುದನ್ನು ಕಲಿತಿದ್ದರು. ಮದುವೆ, ಗೃಹಪ್ರವೇಶಗಳಿಂದ ತಂದ ಕೊಬ್ಬರಿ ಮಿಠಾಯಿಯನ್ನು ಫಾಯಿಲ್ ಪೇಪರಿನಲ್ಲಿ ಸುತ್ತಿ ಅಡುಗೆಮನೆಯ ಯಾವುದಾದರೊಂದು ಡಬ್ಬಿಯಲ್ಲಿ ತುರುಕುವುದು, ಹೆಂಡತಿ ವಿಮಲಾ ಅದನ್ನು ಪತ್ತೆ ಮಾಡಿ ಯಾರಿಗೋ ದಾನ ಮಾಡುವುದು, ಇದು ಜಯನಗರದ ಆ ಮನೆಯಲ್ಲಿ ವರ್ಷಗಳಿಂದ ನಡೆದುಕೊಂಡು ಬಂದ ಆಟ.

ಆದರೆ ಅವತ್ತು ಬೆಳಿಗ್ಗೆ ಅವರು ಫಾಯಿಲಿನಲ್ಲಿ ಸುತ್ತಿದ್ದು ಮಿಠಾಯಿಯನ್ನಲ್ಲ, ಇಟಲಿಯಿಂದ ಬಂದ ಕಾರೊಂದರ ಕೀಯನ್ನು.

ಕಾರು ವಿಮಲಾರ ಅಕ್ಕನ ಮಗ ಮಯೂರನದು. ಕುಂಕುಮದಷ್ಟು ಕೆಂಪು. ನಿಂತಿದೆಯೋ ಮಲಗಿದೆಯೋ ಎಂದು ಅನುಮಾನ ಬರುವಷ್ಟು ಗಿಡ್ಡ. ಜೆ.ಪಿ. ನಗರದ ಅವನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿಸಲು ಹೋದರೆ ಅದರ ಹೊಟ್ಟೆ ನೆಲಕ್ಕೆ ಉಜ್ಜುತ್ತಿತ್ತು. ರಸ್ತೆಯಲ್ಲಿ ಬಿಟ್ಟರೆ ಇನ್ಶೂರೆನ್ಸ್‌ನವರು ಒಪ್ಪುವುದಿಲ್ಲ. ಇಂಥ ಕಾರಿಗೆ ಪಾಲಿಸಿ ಕೊಡುವ ಮುನ್ನ ಅದು ರಾತ್ರಿ ಎಲ್ಲಿರುತ್ತದೆ, ಕೀ ಯಾರ ವಶದಲ್ಲಿರುತ್ತದೆ ಎಂದು ಅವರು ಖುದ್ದಾಗಿ ಬಂದು ವಿಚಾರಿಸುತ್ತಾರೆ, ಹೆಣ್ಣು ಕೊಡುವವರು ಗಂಡಿನ ಮನೆ ನೋಡಲು ಬರುವ ಹಾಗೆ. ಆಗ ಮಯೂರನಿಗೆ ನೆನಪಾದದ್ದು ಚಿಕ್ಕಪ್ಪನ ಕಾರ್ ಶೆಡ್ಡು.

ಆ ಶೆಡ್ಡಿನದೇ ಒಂದು ಕತೆ. ಸರ್ಕಾರಿ ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುತ್ತಿದ್ದ ಜಯಸಿಂಹ ಮನೆ ಕಟ್ಟಿಸುವಾಗ, ಕಾರು ಆಮೇಲೆ ತಗೊಂಡರಾಯಿತು ಎಂದು ಶೆಡ್ಡನ್ನು ಮೊದಲು ಕಟ್ಟಿಸಿಬಿಟ್ಟರು. ಆ ಆಮೇಲೆ ಎನ್ನುವುದು ಮೊದಲು ಮಗಳ ಮದುವೆಯಾಯಿತು, ನಂತರ ಬೋರ್‌ವೆಲ್ ಆಯಿತು, ಕೊನೆಗೆ ವಿಮಲಾರ ಮಂಡಿ ಆಪರೇಷನ್ ಆಯಿತು. ಶೆಡ್ಡಿನಲ್ಲಿ ಅವರ ಹಳೇ ಸ್ಕೂಟರಿನ ಜೊತೆ ಎದುರುಮನೆ ಹಂಸಾಳ ನವರಾತ್ರಿ ಗೊಂಬೆಯ ಮೆಟ್ಟಿಲು, ಪಕ್ಕದ ಮನೆ ಸಂಜೀವಯ್ಯನವರ ಏಣಿ, ಗೇಟಿನ ಹತ್ತಿರ ಹೂ ಮಾರುವ ಗೋವಿಂದಮ್ಮನ ದೊಡ್ಡ ಛತ್ರಿ ಎಲ್ಲ ಸೇರಿಕೊಂಡಿದ್ದವು. ಅವರವರ ಸಾಮಾನು ಅವರವರು ತೆಗೆದುಕೊಳ್ಳಲಿ ಎಂದು ಶೆಡ್ಡಿನ ಬೀಗದ ಕೈ ಸದಾ ದೊಡ್ಡಪತ್ರೆ ಕುಂಡದ ಕೆಳಗೆ ಇರುತ್ತಿತ್ತು.

ಈಗ ಏಣಿ, ಮೆಟ್ಟಿಲು, ಛತ್ರಿ ಗೋಡೆಗೆ ಒರಗಿದವು. ಸ್ಕೂಟರು ಬಿಸಿಲಿಗೆ ಹೋಯಿತು. ಕಾರು ಒಳಗೆ ಬಂತು.

"ಇನ್‌ಸ್ಪೆಕ್ಷನ್ ಪಾಸಾದ್ರೆ ಗಾಡಿ ಇಲ್ಲೇ ಇರತ್ತೆ ಚಿಕ್ಕಪ್ಪ. ಭಾನುವಾರ ನಿಮ್ಮನ್ನ ಕೂರಿಸ್ಕೊಂಡು ಕನಕಪುರ ರೋಡಲ್ಲಿ ಒಂದು ರೌಂಡು. ಸಖತ್ತಾಗಿರತ್ತೆ," ಎಂದಿದ್ದ ಮಯೂರ.

ಜಯಸಿಂಹ ಒಳಗೆ ಹೋಗಿ ಭಾನುವಾರಕ್ಕೆಂದು ಒಂದು ಅಂಗಿಯನ್ನು ಇಸ್ತ್ರಿಗೆ ತೆಗೆದಿಟ್ಟಿದ್ದರು. ತಮ್ಮ ಶೆಡ್ಡಿನಿಂದ ಕಾರಿನಲ್ಲಿ ಕೂತು ಹೊರಗೆ ಬರುವುದು, ಅಷ್ಟೇ ಅವರ ಆಸೆ. ಆ ಕಾರು ತಮ್ಮದೇ ಆಗಿರಬೇಕು ಎಂಬ ಹಟವನ್ನು ಅವರು ಬಿಟ್ಟು ಬಹಳ ಕಾಲವಾಗಿತ್ತು.

ಮಂಗಳವಾರ ಬೆಳಿಗ್ಗೆ ಮುಂಬೈಗೆ ಹೊರಟಿದ್ದ ಮಯೂರ ಕೀ ಕೊಟ್ಟು ಪಿಸುಗುಟ್ಟಿದ. "ಇದನ್ನ ಹಿಡ್ಕೊಂಡು ಹತ್ರ ಹೋದ್ರೆ ಸಾಕು, ಕಾರು ತಾನೇ ಅನ್‌ಲಾಕ್ ಆಗತ್ತೆ. ಈಗಿನ ಕಳ್ಳರು ಬೀಗ ಒಡೆಯಲ್ಲ ಚಿಕ್ಕಪ್ಪ, ಮನೆ ಆಚೆ ನಿಂತ್ಕೊಂಡೇ ಇದರ ಸಿಗ್ನಲ್ ಹಿಡೀತಾರೆ. ಫಾಯಿಲಲ್ಲಿ ಸುತ್ತಿ ಸ್ಟೀಲ್ ಡಬ್ಬೀಲಿ ಇಡಿ. ಸರ್ವೆಯರ್ ಬಂದಾಗ ತೆಗೀರಿ. ಯಾರಿಗೂ ಹೇಳ್ಬೇಡಿ."

"ಚಿಕ್ಕಮ್ಮಂಗೂ?"

"ಯಾರಿಗೂ ಅಂದ್ರೆ ಯಾರಿಗೂ."

ಜಯಸಿಂಹ ಹೇಳಿದಂತೆಯೇ ಮಾಡಿದರು. ಫಾಯಿಲ್ ಸುತ್ತುವುದರಲ್ಲಿ ಅವರ ಕೈ ಪಳಗಿತ್ತು. ಕಟ್ಟೆಯ ಮೇಲಿದ್ದ ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಪೊಟ್ಟಣ ಇಟ್ಟು ಮುಚ್ಚಳ ಒತ್ತಿ ಸ್ನಾನಕ್ಕೆ ಹೋದರು.

ಸ್ನಾನ, ಪೂಜೆ, ತಿಂಡಿ ಮುಗಿಯುವ ಹೊತ್ತಿಗೆ ಗೇಟಿನ ಮುಂದೆ ಆಟೋ ನಿಂತಿತು. ಇಳಿದವರು ಇನ್ಶೂರೆನ್ಸ್ ಸರ್ವೆಯರ್ ನಿಂಗರಾಜ್. ಬೆನ್ನಿಗೊಂದು ಬ್ಯಾಗು, ಹಣೆಯ ತುಂಬ ಬೆವರು, ಯಾವುದನ್ನೂ ಸುಲಭಕ್ಕೆ ನಂಬದ ಕಣ್ಣು. "ಕಾರು, ಕೀ ಎರಡನ್ನೂ ತೋರಿಸ್ಬಿಡಿ ಸಾರ್, ಫೋಟೋ ತಗೊಂಡು ಹೊರಡ್ತೀನಿ," ಎಂದರು.

ಜಯಸಿಂಹ ಅಡುಗೆಮನೆಗೆ ಹೋದರು. ಕಟ್ಟೆ ಖಾಲಿ.

"ವಿಮಲಾ, ಇಲ್ಲಿದ್ದ ಡಬ್ಬಿ ಎಲ್ಲೇ?"

"ಅದು ಹಂಸಾ ಡಬ್ಬಿ ಅಲ್ವೇನ್ರೀ, ಅವತ್ತು ಉಸಲಿ ಕಳಿಸಿದ್ಲಲ್ಲ. ಖಾಲಿ ಡಬ್ಬಿ ವಾಪಸ್ ಕೊಡೋದು ಹೇಗೆ ಅಂತ ವಾರದಿಂದ ಒದ್ದಾಡ್ತಿದ್ದೆ. ನೀವೇ ಮಿಠಾಯಿ ಬಚ್ಚಿಟ್ಟಿದ್ರಲ್ಲ, ಹಾಗೇ ಕೊಟ್ಟು ಬಂದೆ." ವಿಮಲಾ ಗೆದ್ದವರಂತೆ ನಕ್ಕರು. "ಯಾಕೆ, ಬಾಯಲ್ಲಿ ನೀರು ಬರ್ತಿದೆಯಾ?"

ಬಾಯಿ ಒಣಗಿಹೋಗಿತ್ತು. ಹೇಳುವ ಹಾಗಿಲ್ಲ, ಬಿಡುವ ಹಾಗಿಲ್ಲ. "ನೀನು ಸರ್ವೆಯರ್‌ಗೆ ಕಾಫಿ ಕೊಡ್ತಿರು," ಎಂದವರೇ ಹಿತ್ತಿಲ ಬಾಗಿಲಿನಿಂದ ನುಸುಳಿ ರಸ್ತೆ ದಾಟಿದರು.

ಹಂಸಾ ಬಾಗಿಲಲ್ಲೇ ಸಿಕ್ಕಳು. ಡಬ್ಬಿಯಲ್ಲಿದ್ದ ಪೊಟ್ಟಣ ಕೇಳಿದರು. "ಅಯ್ಯೋ ಅಂಕಲ್, ಇವತ್ತು ಅಂಗಾರಕ ಸಂಕಷ್ಟಿ. ಚಂದ್ರನ್ನ ನೋಡೋವರೆಗೂ ನಾನು ಏನೂ ತಿನ್ನಲ್ಲ. ಗೋವಿಂದಮ್ಮ ಹೂ ಕೊಡೋಕೆ ಬಂದಿದ್ಲು, ಮೊಮ್ಮಗೂಗೆ ಆಗತ್ತೆ ಅಂತ ಪೊಟ್ಟಣ ಅವಳಿಗೆ ಕೊಟ್ಬಿಟ್ಟೆ. ಆಂಟಿಗೆ ಹೇಳ್ಬೇಡಿ, ಬೇಜಾರು ಮಾಡ್ಕೋತಾರೆ."

"ಗೋವಿಂದಮ್ಮ ಎಲ್ಲಿ ಹೋದ್ಲು?"

"ಸಂಕಷ್ಟಿ ದಿನ ಗಣೇಶನ ಗುಡಿ ಹತ್ರ ಕೂರ್ತಾಳೆ. ಅಂಕಲ್, ಒಂದು ಮಿಠಾಯಿಗೆ ಇಷ್ಟು ಓಡಾಟ ಒಳ್ಳೇದಲ್ಲ. ಮೊದ್ಲು ಶುಗರ್ ಟೆಸ್ಟ್ ಮಾಡಿಸ್ಕೊಳಿ."

ಅವಳ ಬುದ್ಧಿಮಾತು ಬೆನ್ನ ಹಿಂದೆ ಕೇಳುತ್ತಿರುವಂತೆಯೇ ಜಯಸಿಂಹ ಪಂಚೆ ಎತ್ತಿ ಕಟ್ಟಿ ಗುಡಿಯ ಕಡೆ ಓಡಿದರು. ಸಂಕಷ್ಟಿಯ ದಿನ, ಗುಡಿಯ ಮುಂದೆ ಕಾಲಿಡಲು ಜಾಗವಿಲ್ಲ. ಗೋವಿಂದಮ್ಮ ಕೂರುವ ಜಾಗದಲ್ಲಿ ಅವಳ ಗೋಣಿಚೀಲ ಮಾತ್ರ ಇತ್ತು. "ಬಿಸಿಲು ಜಾಸ್ತಿ ಆಯ್ತು, ಛತ್ರಿ ತರ್ತೀನಿ ಅಂತ ನಿಮ್ಮನೆ ಕಡೇನೇ ಹೋದ್ಲಲ್ಲಾ ಸಾರ್," ಎಂದಳು ಪಕ್ಕದ ಗರಿಕೆ ಮಾರುವವಳು.

ಏದುಸಿರು ಬಿಡುತ್ತ ಮನೆಗೆ ಬಂದರೆ ಶೆಡ್ಡಿನ ಬಾಗಿಲು ಹಾರುಹೊಡೆದಿದೆ. ಒಳಗೆ ಸಂಜೀವಯ್ಯ ಕೈ ಬೀಸುತ್ತ ಭಾಷಣ ಮಾಡುತ್ತಿದ್ದಾರೆ. ಸ್ನೇಹಿತನಿಗೆ ಸಹಾಯ ಮಾಡುತ್ತಿದ್ದೇನೆಂಬ ತೃಪ್ತಿ ಅವರ ಮುಖದ ಮೇಲೆ ಹೊಳೆಯುತ್ತಿತ್ತು.

"ಕಳ್ಳತನ ಅನ್ನೋ ಮಾತೇ ಇಲ್ಲ ಸಾರ್ ನಮ್ಮ ರಸ್ತೇಲಿ. ಜಯಸಿಂಹ ಇಲ್ದೇ ಇದ್ರೇನಂತೆ? ಬೀಗದ ಕೈ ಕುಂಡದ ಕೆಳಗಿರತ್ತೆ, ಇಡೀ ಬೀದಿಗೆ ಗೊತ್ತು. ನೋಡಿದ್ರಲ್ಲ, ಎಷ್ಟು ಬೇಗ ತೆಗೆದೆ!"

ನಿಂಗರಾಜ್ ಟ್ಯಾಬಿನಲ್ಲಿ ಏನೋ ಒತ್ತಿದರು. "ಇಡೀ ಬೀದಿಗೆ ಅಂದ್ರೆ?"

"ಇಡೀ ಬೀದಿಗೇ ಸಾರ್. ಪೇಪರ್ ಹಾಕೋನಿಗೂ ಗೊತ್ತು," ಎಂದರು ಸಂಜೀವಯ್ಯ ಹೆಮ್ಮೆಯಿಂದ.

ಅಷ್ಟರಲ್ಲಿ ಹಿಂದಿನ ಬೀದಿಯ ಮನೆಗಳಿಗೂ ಹೂ ಕೊಟ್ಟು, ಸೊಂಟದ ಮೇಲೆ ಹೂವಿನ ಬುಟ್ಟಿ ಇಟ್ಟುಕೊಂಡು ಗೋವಿಂದಮ್ಮ ಬಂದಳು. ಛತ್ರಿಗೆಂದು ಕಾರಿನ ಪಕ್ಕ ಸರಿದಳು. ಪೀಂಕ್ ಎಂದಿತು ಕಾರು. ಮುಂದಿನ ದೀಪಗಳು ಕಣ್ಣು ಬಿಟ್ಟವು, ಮಡಿಚಿಕೊಂಡಿದ್ದ ಕನ್ನಡಿಗಳೆರಡೂ ಹಸುವಿನ ಕಿವಿಗಳಂತೆ ಅಗಲವಾದವು.

ನಿಂಗರಾಜ್ ಒಂದು ಹೆಜ್ಜೆ ಹಿಂದೆ ಸರಿದರು. "ಇವರು ಯಾರು? ಓನರಾ?"

"ಹೂವಿನ ಗೋವಿಂದಮ್ಮ ಸ್ವಾಮಿ," ಎಂದಳು ಅವಳು. ಆಮೇಲೆ ಮಲ್ಲಿಗೆಯ ಕೆಳಗಿನಿಂದ ಅರ್ಧ ಬಿಚ್ಚಿದ ಫಾಯಿಲ್ ಪೊಟ್ಟಣ ತೆಗೆದು ಜಯಸಿಂಹರತ್ತ ಚಾಚಿದಳು. "ತಗಳಿ ಸ್ವಾಮಿ. ಹಂಸಮ್ಮ ಮಿಠಾಯಿ ಅಂತ ಕೊಟ್ರು. ಬಿಚ್ಚಿ ನೋಡಿದ್ರೆ ಯಾವ್ದೋ ಕರೀ ಬಿಲ್ಲೆ, ಮೇಲೊಂದು ಗಾಡಿ ಚಿತ್ರ. ಇಲ್ಲಿ ಈ ತರದ್ದು ಇರೋದು ಇದೊಂದೇ ಗಾಡಿ, ಇದ್ರದ್ದೇ ಇರ್ಬೇಕು ಅಂತ ತಂದೆ."

ಬಾಗಿಲಿಗೆ ಬಂದಿದ್ದ ವಿಮಲಾ ಬಾಯಿಗೆ ಸೆರಗು ಅಡ್ಡ ಹಿಡಿದರು. ಎದುರುಗಡೆಯಿಂದ ಹಂಸಾ ಓಡಿಬಂದಳು. ಯಾರು ಯಾರಿಗೆ ಏನು ಕೊಟ್ಟರು ಎಂಬುದನ್ನು ಎಲ್ಲರೂ ಒಟ್ಟಿಗೆ ವಿವರಿಸಿದರು. ನಿಂಗರಾಜ್ ಪೂರ್ತಿ ಕೇಳಿಸಿಕೊಂಡರು.

"ಸಾರ್, ಶೆಡ್ಡಿನ ಕೀ ಯಾರ ವಶದಲ್ಲಿದೆ? ಬೀದಿಯವರ ವಶದಲ್ಲಿ. ಕಾರಿನ ಕೀ? ಹೂವಿನ ಬುಟ್ಟೀಲಿ. ನಾನು ಬೇರೆ ಏನು ಬರೀಲಿ?"

"ವಾಪಸ್ ಬಂತಲ್ರೀ!" ಎಂದು ಸಂಜೀವಯ್ಯ ರೇಗಿದರು.

"ಬಂತು ಸಾರ್. ವಾಪಸ್ ಬಂತು ಅಂತ ಬರೆಯೋಕೆ ನಮ್ಮಲ್ಲಿ ಕಾಲಂ ಇಲ್ಲ."

ಮುಂಬೈಯಿಂದ ಮಯೂರ ಫೋನಿನಲ್ಲಿ ಕೂಗಾಡಲಿಲ್ಲ. ಕೂಗಾಡಿದ್ದರೆ ಜಯಸಿಂಹರಿಗೆ ಹಗುರವಾಗುತ್ತಿತ್ತು. "ಹೋಗ್ಲಿ ಬಿಡಿ ಚಿಕ್ಕಪ್ಪ. ವೈಟ್‌ಫೀಲ್ಡಲ್ಲಿ ಇಂಥ ಗಾಡಿಗಳಿಗೇ ಅಂತ ಒಂದು ಗೋಡೌನ್ ಇದೆ. ಸಾಯಂಕಾಲ ಟೋಯಿಂಗ್ ಲಾರಿ ಬರತ್ತೆ," ಎಂದ. ಭಾನುವಾರದ ವಿಷಯ ಅವನು ಎತ್ತಲಿಲ್ಲ, ಇವರೂ ಕೇಳಲಿಲ್ಲ.

ಮಧ್ಯಾಹ್ನವೆಲ್ಲ ಜಯಸಿಂಹ ಕೀ ಹಿಡಿದು ಶೆಡ್ಡಿನಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಕಾರು ತೆರೆದೇ ಇತ್ತು. ಬಾಗಿಲೆಳೆದು ಒಂದು ನಿಮಿಷ ಒಳಗೆ ಕೂತಿದ್ದರೆ ಕೇಳುವವರು ಯಾರೂ ಇರಲಿಲ್ಲ. ಒಮ್ಮೆ ಬಾಗಿಲಿನ ಮೇಲೆ ಕೈ ಇಟ್ಟೂ ಇಟ್ಟರು. ಆದರೆ ಹುಡುಗ ಕೊಟ್ಟದ್ದು ಕಾಯಲಿಕ್ಕೆ, ಕೂರಲಿಕ್ಕಲ್ಲ ಎನಿಸಿ ಕೈ ತೆಗೆದರು. ಅವರಿಗೆ ದುಃಖವಾಗಿತ್ತು. ಕಾರು ಹೋಗುತ್ತದೆಂದು ಮಾತ್ರವಲ್ಲ. ಮೂರು ಕೈ ದಾಟಿದ ಕೀ ಎಲ್ಲೂ ನಿಲ್ಲದೆ ತಾನಾಗಿ ಮನೆಗೆ ಬಂದಿತ್ತು, ಅಂಥ ಬೀದಿಯನ್ನು ಒಬ್ಬರು ಅಪಾಯ ಎಂದು ಬರೆದುಕೊಂಡು ಹೋದರಲ್ಲ ಎಂದು.

ಸಾಯಂಕಾಲ ಲಾರಿ ಬಂತು, ಕೆಂಪು ಕಾರನ್ನು ಮಗುವಿನಂತೆ ಬೆನ್ನ ಮೇಲೆ ಹೊತ್ತುಕೊಂಡು ಹೋಯಿತು. ಜಯಸಿಂಹ ಸ್ಕೂಟರನ್ನು ಒಳಗೆ ತರೋಣವೆಂದು ಸ್ಟ್ಯಾಂಡ್ ತೆಗೆಯುವಷ್ಟರಲ್ಲಿ, ಕೆಮ್ಮುತ್ತ ಕುಲುಕುತ್ತ ಬಂದ ಒಂದು ಹಳೇ ಬಿಳಿ ಕಾರು ಗೇಟಿನ ಮುಂದೆ ನಿಂತು ಉಸಿರು ಬಿಟ್ಟಿತು. ಇಳಿದವರು ನಿಂಗರಾಜ್.

"ಇನ್ನೂ ಏನು ಬರೆಯೋದಿದೆ?" ಎಂದರು ಜಯಸಿಂಹ.

"ಬರೆಯೋದೇನಿಲ್ಲ ಸಾರ್." ನಿಂಗರಾಜ್ ತಲೆ ಕೆರೆದುಕೊಂಡರು. "ನಮ್ಮನೆ ವಸಂತಪುರ. ಅಲ್ಲಿ ಪಾರ್ಕಿಂಗ್ ಇಲ್ಲ, ರಸ್ತೆಲೇ ನಿಲ್ಸ್ತೀನಿ. ಒಂದ್ಸಲ ಬ್ಯಾಟರಿ ಹೋಯ್ತು, ಇನ್ನೊಂದ್ಸಲ ಟೈರೇ ಬಿಚ್ಕೊಂಡು ಹೋದ್ರು. ಬೆಂಗಳೂರಲ್ಲಿ ಎಷ್ಟೋ ಶೆಡ್ಡು ನೋಡಿದೀನಿ ಸಾರ್, ಕ್ಯಾಮೆರಾ ಇರೋದು, ಗಾರ್ಡ್ ಇರೋದು. ಕಳೆದ್ಹೋದ ಕೀ ಹುಡುಕ್ಕೊಂಡು ಬಂದು ಕೊಡೋ ಜಾಗ ಇದೊಂದೇ. ಹೇಗಿದ್ರೂ ಶೆಡ್ಡು ಈಗ ಖಾಲಿ ಅಲ್ವಾ..."

"ಅಯ್ಯೋ, ಅದಕ್ಕೇನಂತೆ, ನಿಲ್ಸ್ಕೊಳಿ!" ಎಂದುಬಿಟ್ಟರು ಒಳಗಿನಿಂದ ವಿಮಲಾ. ಜಯಸಿಂಹ ಬಾಯಿ ತೆರೆಯುವ ಮುಂಚೆಯೇ ಸಂಜೀವಯ್ಯ ಗೇಟು ತೆರೆದಿದ್ದರು.

ಕಾರು ಮಾತ್ರ ಮತ್ತೆ ಸ್ಟಾರ್ಟ್ ಆಗಲಿಲ್ಲ. ಸ್ಟಿಯರಿಂಗ್ ಹಿಡಿಯಲು ನಿಂಗರಾಜ್ ಒಳಗೆ ಕೂತರು. ಸಂಜೀವಯ್ಯ, ಹಂಸಾ, ಗೋವಿಂದಮ್ಮ ಹಿಂದಿನಿಂದ ಕೈ ಕೊಟ್ಟರು. ನಡುವೆ ನಿಂತು, ತಮ್ಮದೇ ಶೆಡ್ಡಿನೊಳಗೆ ಬೇರೆಯವರ ಕಾರನ್ನು ತಳ್ಳುತ್ತ ಜಯಸಿಂಹ ಏದುಸಿರಿನಲ್ಲೇ ಕೇಳಿದರು. "ಇದಕ್ಕೆ ಕಳ್ಳತನದ ಇನ್ಶೂರೆನ್ಸ್ ಇದೆಯೇನ್ರೀ?"

"ಇತ್ತು ಸಾರ್, ಈ ಸಲ ಕಟ್ಟಲ್ಲ," ಎಂದರು ನಿಂಗರಾಜ್ ಕಿಟಕಿಯಿಂದ ತಲೆ ಹೊರಗೆ ಹಾಕಿ. "ಇಲ್ಲಿ ನಿಲ್ಸೋದಾದ್ರೆ ಅದೆಲ್ಲ ಯಾಕೆ? ಭಾನುವಾರ ಬರ್ತೀನಿ, ನಿಮ್ಮನ್ನ ಒಂದು ರೌಂಡ್ ಕರ್ಕೊಂಡು ಹೋಗ್ತೀನಿ. ಹೊರಡೋವಾಗ ಸ್ವಲ್ಪ ತಳ್ಬೇಕಾಗತ್ತೆ ಅಷ್ಟೇ."

ಆಮೇಲೆ ಅವರು ಇಳಿದು ಶೆಡ್ಡಿಗೆ ಬೀಗ ಹಾಕಿದರು. ಯಾರನ್ನೂ ಕೇಳದೆ ನೇರವಾಗಿ ದೊಡ್ಡಪತ್ರೆ ಕುಂಡದ ಹತ್ತಿರ ಹೋಗಿ, ಕುಂಡವನ್ನು ಓರೆ ಮಾಡಿ, ಬೀಗದ ಕೈಯನ್ನು ಅದರ ಜಾಗದಲ್ಲಿ ಇಟ್ಟರು. ಪಕ್ಕದಲ್ಲೇ ತಮ್ಮ ಕಾರಿನ ಕೀಯನ್ನೂ ಇಟ್ಟರು.