ಪಾಸ್‌ವರ್ಡ್ ಕಡತಕ್ಕೆ ಬಿದ್ದ ಬೀಗ

ನೀರು ಸರಬರಾಜು ಕಚೇರಿಯಲ್ಲಿ ಕಂಪ್ಯೂಟರಿಗೆ ಗೊತ್ತಿಲ್ಲದವರು ಇದ್ದೂ ಇಲ್ಲದವರೇ ಎಂಬುದು ಸರ್ವವಿದಿತ. ಸಿಬ್ಬಂದಿಯ ಹೆಸರು, ಅವರವರ ಪಾಸ್‌ವರ್ಡ್ ಎಲ್ಲವೂ ಅದರೊಳಗಿನ ಒಂದೇ ಕಡತದಲ್ಲಿ ಇರುತ್ತವೆ. ಇಬ್ಬರು ಒಟ್ಟಿಗೆ ಕೈಹಾಕಿದರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸಿಯಾರು. ಆದ್ದರಿಂದ ಒಬ್ಬರು ತಿದ್ದಲು ಕೂತೊಡನೆ ಕಂಪ್ಯೂಟರ್ ಆ ಕಡತಕ್ಕೆ ಬೀಗ ಹಾಕುತ್ತದೆ, ಅವರು ಮುಗಿಸಿದ ಮೇಲೆ ತೆಗೆಯುತ್ತದೆ. ಇಷ್ಟು ಸಮಂಜಸವಾದ ಏರ್ಪಾಡು ಆ ಕಚೇರಿಯಲ್ಲಿ ಬೇರೊಂದಿರಲಿಲ್ಲ.

ಹೊಸ ಗುಮಾಸ್ತೆ ಕೆಲಸಕ್ಕೆ ಸೇರಿದ ದಿನ ಬೀಗ ಬಿದ್ದಿತ್ತು.

"ಉಪನಿರ್ದೇಶಕರು ಪಾಸ್‌ವರ್ಡ್ ಬದಲಾಯಿಸ್ತಿದಾರಮ್ಮ," ಎಂದ ಕಂಪ್ಯೂಟರ್ ನೋಡಿಕೊಳ್ಳುವಾತ. "ಅವರದು ಮುಗೀಲಿ, ನಿಮ್ಮ ಹೆಸರು ಸೇರಿಸ್ತೀನಿ."

"ಎಲ್ಲಿದಾರೆ ಅವರು?"

"ಮನೇಲಿ. ಯೋಚನೆ ಮಾಡೋಕೆ ರಜೆ ಹಾಕಿದಾರೆ."

"ಬೀಗ ನೀವೇ ತೆಗೆಯೋಕಾಗಲ್ವಾ?"

"ಆಗುತ್ತೆ. ಆದ್ರೆ ಅವರು ಸಾಯಬೇಕು."

ಆತ ಸುಳ್ಳು ಹೇಳಿರಲಿಲ್ಲ. ಬೀಗ ಹಾಕಿದ ಕೆಲಸ ಕಂಪ್ಯೂಟರಿನೊಳಗೆ ಇನ್ನೂ ಬದುಕಿದೆಯೇ ನೋಡಿ, ಸತ್ತಿದ್ದರೆ ಬೀಗ ತೆಗೆಯಿರಿ ಎಂದು ಅದನ್ನು ತಯಾರಿಸಿದವರು ಕೈಪಿಡಿಯಲ್ಲಿ ಬರೆದಿದ್ದರು. ಆಡಳಿತ ಶಾಖೆಯವರು ಅದರಲ್ಲೊಂದು ಅಚ್ಚಿನ ದೋಷ ಕಂಡು, 'ಕೆಲಸ' ಎಂಬುದನ್ನು 'ಕೆಲಸಗಾರ' ಎಂದು ತಿದ್ದಿ ಸುತ್ತೋಲೆ ಹೊರಡಿಸಿದ್ದರು. ಹಾಗಾಗಿ ದಿನಾ ಬೆಳಿಗ್ಗೆ ಒಬ್ಬರು ಉಪನಿರ್ದೇಶಕರ ಮನೆಗೆ ಫೋನ್ ಮಾಡುತ್ತಿದ್ದರು. ಬಳಿಕ ಸೂಚನಾ ಫಲಕದಲ್ಲಿ ಪ್ರಕಟಣೆ ಬೀಳುತ್ತಿತ್ತು: "ಉಪನಿರ್ದೇಶಕರು ಕ್ಷೇಮ. ಸಿಬ್ಬಂದಿ ಕಾಯತಕ್ಕದ್ದು."

"ಕೆಲಸ ಹೇಗಿದೆಯೇ?" ಎಂದು ಸಂಜೆ ಅತ್ತೆ ಕೇಳಿದರು.

"ನಾನಿನ್ನೂ ಬಂದಿಲ್ಲವಂತೆ ಅತ್ತೆ."

ಅವಳನ್ನು ದೂರು ಸ್ವೀಕರಿಸುವ ಕಿಟಕಿಯಲ್ಲಿ ಕೂರಿಸಿದರು. ನಲ್ಲಿ ಸೋರುತ್ತಿದೆ, ಪೈಪು ಒಡೆದಿದೆ ಎಂದು ಜನ ಬರುತ್ತಿದ್ದರು. ದೂರನ್ನು ನೋಂದಾಯಿಸಲು ಅವಳಿಗೆ ಕಂಪ್ಯೂಟರ್ ಬಿಡದು. ಬೇರೆ ದಾರಿ ಕಾಣದೆ ಪೈಪ್ ರಿಪೇರಿಯವನಿಗೆ ನೇರ ಫೋನ್ ಮಾಡುತ್ತಿದ್ದಳು. ಆತ ಹೋಗಿ ಸರಿಮಾಡಿ ಬರುತ್ತಿದ್ದ. ನೋಂದಣಿಯಾಗದ ದೂರಿಗೆ ಕಡತವಿಲ್ಲ, ಕಡತವಿಲ್ಲದ ಕೆಲಸ ತಡವಾಗಲು ಜಾಗವೇ ಇಲ್ಲ. ಊರಿನ ಜನ ಕಕ್ಕಾಬಿಕ್ಕಿಯಾದರು. ನಲ್ಲಿ ಅದೇ ದಿನ ಸರಿಹೋಯಿತೆಂದು ಕೆಲವರು ಗಾಬರಿಯಿಂದ ವಿಚಾರಿಸಲೂ ಬಂದರು.

ಆದರೆ ಅವಳು ದಿನ ಎಣಿಸುತ್ತಿದ್ದಳು. ಪ್ರೊಬೇಷನ್ ಮುಗಿಯುತ್ತ ಬಂದಿತ್ತು. ಕೆಲಸ ಕಾಯಂ ಆಗುವುದೂ ಬಿಡುವುದೂ ಕಂಪ್ಯೂಟರ್ ಕೊಡುವ ವರದಿಯ ಮೇಲೆ. ಹೆಸರೇ ಇಲ್ಲದವಳ ಬಗ್ಗೆ ಅದೇನು ತಾನೇ ಹೇಳೀತು? ಕೊನೆಗೆ ಗಟ್ಟಿ ಮನಸ್ಸು ಮಾಡಿ ಉಪನಿರ್ದೇಶಕರ ಮನೆಗೇ ಹೋದಳು.

"ಮೆಲ್ಲಗೆ ಮಾತಾಡಮ್ಮ, ಯೋಚಿಸ್ತಿದಾರೆ," ಎಂದು ಅವರ ಹೆಂಡತಿ ಬಾಗಿಲು ತೆಗೆದರು.

ಉಪನಿರ್ದೇಶಕರು ಆರಾಮಕುರ್ಚಿಯಲ್ಲಿ ಕಣ್ಣುಮುಚ್ಚಿ ಒರಗಿದ್ದರು. "ನಾನು ಮರೀಬಾರದು, ನನ್ನ ಹೆಂಡ್ತಿಗೆ ಹೊಳೀಬಾರದು. ಅಂಥ ಪದ ಸಿಗೋದು ಸುಲಭವೇನಮ್ಮ?"

"ಸರ್, ನನ್ನ ಕೆಲಸ ಹೋಗುತ್ತೆ."

ಅವರು ಕಣ್ಣು ಬಿಟ್ಟರು. ತಮ್ಮ ಯೋಚನೆಯ ಆಚೆ ತುದಿಯಲ್ಲಿ ಒಂದು ಜೀವ ನಿಂತಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಮರುದಿನವೇ ಕಚೇರಿಗೆ ಬಂದರು. ಎಲ್ಲರನ್ನೂ ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ ಪಾಸ್‌ವರ್ಡ್ ಟೈಪು ಮಾಡಿದರು. ಖಾತ್ರಿಗಾಗಿ ಇನ್ನೊಮ್ಮೆ ಟೈಪು ಮಾಡಿ ಎಂದಿತು ಕಂಪ್ಯೂಟರ್. ಅಷ್ಟರಲ್ಲಿ ಅವರಿಗೆ ಮರೆತುಹೋಗಿತ್ತು. ಏನೋ ಒಂದು ಒತ್ತಿದರು. ಎರಡೂ ತಾಳೆಯಾಗಲಿಲ್ಲ, ಹಳೆಯದೇ ಇರಲಿ ಎಂದು ಕಂಪ್ಯೂಟರ್ ಬೀಗ ತೆಗೆಯಿತು.

"ಬನ್ನಿ, ಬೇಗ ಬನ್ನಿ!" ಎಂದು ಕಂಪ್ಯೂಟರಿನವನು ಅವಳನ್ನು ಕೂಗಿದ. ಅದೇ ಹೊತ್ತಿಗೆ ಮೇಲ್ವಿಚಾರಕರು ವರದಿ ಹಿಡಿದು ಓಡಿಬಂದರು.

"ತಡೀರಿ! ಈಯಮ್ಮನ ವರದಿ ಬಂದಿದೆ. ತಪ್ಪು ಇಲ್ಲ, ವಿಳಂಬ ಇಲ್ಲ, ಬಾಕಿ ಕಡತ ಇಲ್ಲ, ಮೇಲಧಿಕಾರಿಗಳಿಗೆ ಎದುರುತ್ತರ ಇಲ್ಲ. ಈ ಕಚೇರಿ ಹುಟ್ಟಿದಾಗಿನಿಂದ ಇಂಥ ನಿಷ್ಕಳಂಕ ವರದಿ ಬಂದಿಲ್ಲ. ಕೆಲಸ ಕಾಯಂ! ಈಗ ಯಾಕಮ್ಮ ಹೆಸರು ಸೇರಿಸಿಕೊಂಡು ಹಾಳಾಗ್ತೀಯ?"

ಅವಳಿಗೆ ನಗು ಬಂತು, ಜೊತೆಗೆ ಕಣ್ಣೂ ಒದ್ದೆಯಾಯಿತು. ಹೆಸರು ಸೇರಿಸುವುದು ಬೇಡವೆಂದು ತಲೆಯಾಡಿಸಿದಳು.

ಸುದ್ದಿ ಕಾಳ್ಗಿಚ್ಚಿನಂತೆ ಹಬ್ಬಿತು. ತಮ್ಮ ಹೆಸರನ್ನೂ ಅಳಿಸಬೇಕೆಂದು ಇಡೀ ಕಚೇರಿ ಸಾಲುಗಟ್ಟಿತು. ಸ್ಥಾನಗೌರವದ ಪ್ರಕಾರ ನಿರ್ದೇಶಕರಿಗೆ ಮೊದಲ ಸರದಿ. ಅವರು ಕೂತೊಡನೆ ಕಡತಕ್ಕೆ ಬೀಗ ಬಿತ್ತು. "ನೀವು ಖಂಡಿತವಾಗಿಯೂ ಇಲ್ಲದಿರಲು ಬಯಸುವಿರಾ?" ಎಂದು ಕಂಪ್ಯೂಟರ್ ಕೇಳಿತು. ನಿರ್ದೇಶಕರು ಗಲ್ಲಕ್ಕೆ ಕೈಕೊಟ್ಟರು. ಇಂಥ ಪ್ರಶ್ನೆಗೆ ಸಮಿತಿಯಿಲ್ಲದೆ ಉತ್ತರ ಕೊಡುವ ಅಧಿಕಾರ ಅವರಿಗಿರಲಿಲ್ಲ.

ಸಾಲು ಮೆಟ್ಟಿಲಿಳಿದು ಬೀದಿಗೆ ಬಂದಿತ್ತು. ನಡುವೆ ನಿಂತಿದ್ದ ಮೇಲ್ವಿಚಾರಕರು ಅವಳ ದೂರಿನ ಕಿಟಕಿಯತ್ತ ಬಗ್ಗಿ ಮೆಲುದನಿಯಲ್ಲಿ ಕೇಳಿದರು: "ಅಮ್ಮಾ, ನಿಜ ಹೇಳು. ಇಲ್ಲದೇ ಇರೋದು ಹೇಗಿರುತ್ತೆ?"

"ಕೆಲಸ ಸ್ವಲ್ಪ ಜಾಸ್ತಿ ಸರ್," ಎಂದಳು ಅವಳು.

ಮೇಲ್ವಿಚಾರಕರು ಸದ್ದಿಲ್ಲದೆ ಸಾಲು ಬಿಟ್ಟು ತಮ್ಮ ಕುರ್ಚಿಗೆ ಹೋಗಿ ಕೂತರು. ಅವರ ಹಿಂದಿದ್ದವರೆಲ್ಲ ಒಂದು ಹೆಜ್ಜೆ ಮುಂದೆ ಸರಿದು, ಸದ್ಯ ಸಾಲು ಸಾಗುತ್ತಿದೆಯಲ್ಲ ಎಂದು ನೆಮ್ಮದಿಯ ಉಸಿರುಬಿಟ್ಟರು.