ಕಮರಕ್ಕೆ ಕುಂಕುಮ

ಊರಿನಲ್ಲಿ ಯಾರ ಅಂಗಳದಲ್ಲೂ ಇಲ್ಲದ ಮರ ತಮ್ಮ ಅಂಗಳದಲ್ಲಿರಬೇಕು. ತಮ್ಮ ಅಂಗಳದಲ್ಲಿರುವ ಮರ ಮುಂದೊಂದು ದಿನ ಊರಿನ ಉದ್ಯಾನದಲ್ಲಿ ತಲೆಯೆತ್ತಿ ನಿಲ್ಲಬೇಕು! ವಿಜ್ಞಾನದ ಮೇಷ್ಟರಾಗಿದ್ದ ಉಜ್ಜಿನಪ್ಪನವರು ನಿವೃತ್ತಿಯ ನಂತರದ ಮೊದಲ ಭಾನುವಾರ, ಅಂದರೆ ೨೦೧೬ನೆಯ ಇಸವಿ ಜೂನ್ ೫ರಂದು, ಹೊಸಪೇಟೆಯ ತಮ್ಮ ಹೊಸ ಬಡಾವಣೆಯ ಮನೆಯ ಮುಂದೆ ಗುದ್ದಲಿ ಹಿಡಿದು ಈ ಭೀಷ್ಮಪ್ರತಿಜ್ಞೆಯನ್ನು ಕೈಗೊಂಡರು. ಅಂದು ಶನಿವಾರವೆಂದು ಧರ್ಮಪತ್ನಿ ಪಂಪಾವತಿಯವರು ಈಗಲೂ ವಾದಿಸುತ್ತಾರೆ. ಅದು ತಪ್ಪು. ಭಾನುವಾರವೇ.

ಆಯ್ಕೆಯೇನೂ ಸುಲಭವಾಗಿರಲಿಲ್ಲ. ಬೇವು? ಎಲ್ಲರ ಮನೆಯಲ್ಲೂ ಇದೆ. ಹೊಂಗೆ? ರಸ್ತೆಯ ಸ್ವತ್ತು. ಗುಲ್‌ಮೊಹರ್? ಗಾಳಿ ಬೀಸಿದರೆ ನೆರೆಯವರ ಕಾರಿನ ಮೇಲೇ ಕೊಂಬೆ ಕೆಡಹುವ ಜಗಳಗಂಟ! ನಾಗಲಿಂಗ? ಹೂವು ದಿವ್ಯ, ಆದರೆ ಅದರ ಗುಂಡಿನಂಥ ಕಾಯಿ ಬೋಳುತಲೆಯ ಮೇಲೆ ಬಿದ್ದರೆ ಪಿಂಚಣಿಯನ್ನು ಪಂಪಾವತಿಯವರೇ ತರಬೇಕಾದೀತು. ಹೀಗೆ ಘಟಾನುಘಟಿಗಳನ್ನೆಲ್ಲ ನಪಾಸು ಮಾಡಿದ ಮೇಲೆ ಪರೀಕ್ಷೆಯಲ್ಲಿ ಉಳಿದದ್ದು ಕಮರದ ಸಸಿಯೊಂದೇ.

"ಕಮರನ?" ಎಂದು ಪಂಪಾವತಿಯವರು ಸೊಂಟದ ಮೇಲೆ ಕೈಯಿಟ್ಟರು. "ಸಂಡೂರು ಗುಡ್ಡದಾಗ ನಮ್ಮ ತವರುಮನಿ ಆಡು ಇದನ್ನ ತಿಂದ ಬೆಳದಾವ್ರಿ. ಇದನ್ನ ಹುಡುಕಾಕ ಇಷ್ಟು ಪುಸ್ತಕ ಓದಬೇಕಿತ್ತಾ?"

"ಗುಡ್ಡದಾಗಿದ್ರ ಸಾಮಾನ್ಯ, ಅಂಗಳದಾಗಿದ್ರ ಅಪರೂಪ. ಆ ಸೂಕ್ಷ್ಮ ನಿನಗ ತಿಳಿಯಂಗಿಲ್ಲ."

"ಹಂಗಾದ್ರ ಒಂದು ಆಡನ್ನೂ ತಂದು ಹಾಲ್‌ನಾಗ ಕಟ್ರಿ. ಅದೂ ಅಪರೂಪನ ಆಕ್ಕತಿ!"

ಆದರೆ ಮರ ಮಾತ್ರ ಮೇಷ್ಟರ ಮಾನ ಕಾಯಿತು. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಪ್ಲಾಸ್ಟಿಕ್ ಕುರ್ಚಿಗಳೇ ಕಾಲು ಸೊಟ್ಟ ಮಾಡಿಕೊಳ್ಳುವಾಗ ಈ ಮಹಾನುಭಾವ ಬೇರನ್ನು ಪಾತಾಳಕ್ಕೆ ಇಳಿಬಿಟ್ಟು, ಮೇಲೆ ಏನೂ ನಡೆದಿಲ್ಲವೆಂಬಂತೆ ನಿಂತಿತು. ಬೂದಿ ಬಣ್ಣದ ಕಾಂಡ. ಸ್ನಾನ ಮುಗಿಸಿ ಕೂದಲು ಆರಹಾಕಿದವರಂತೆ ಬಾಗಿದ ರೆಂಬೆಗಳು. ತೊಟ್ಟಿನ ತುದಿಯಲ್ಲಿ ಜೋಡಿ ಜೋಡಿಯಾಗಿ ಕೂತ ಪುಟ್ಟ ಎಲೆಗಳು, ಮುಖಕ್ಕೆ ಮುಖ ಕೊಟ್ಟ ದಂಪತಿಗಳ ಹಾಗೆ. ಚಿಗುರುವಾಗ ಇಡೀ ಮರವೇ ನಾಚಿದಂತೆ ಕೆಂಪಾಗುತ್ತಿತ್ತು. ಅದರಡಿ ನಿಂತರೆ ಉಜ್ಜಿನಪ್ಪನವರಂಥ ಉಜ್ಜಿನಪ್ಪನವರೂ ಒಂದೆರಡು ನಿಮಿಷ ಪಾಠ ಹೇಳದೆ ಸುಮ್ಮನಿರುತ್ತಿದ್ದರು ಎಂದ ಮೇಲೆ ಅದರ ಮಹಿಮೆಯನ್ನು ಬೇರೆ ಹೇಳಬೇಕೆ!

ಹೀಗಿರುವಲ್ಲಿ, ೨೦೨೫ರ ಸೆಪ್ಟೆಂಬರಿನ ಕೊನೆಯಲ್ಲಿ, ಬಡಾವಣೆಯ ಖಾಲಿ ಜಾಗದಲ್ಲಿ ಪಾರ್ಕು ಮಾಡುವುದೆಂದು ತೀರ್ಮಾನವಾಯಿತು. ಬಡಾವಣೆಯ ಸಂಘದ ಅಧ್ಯಕ್ಷ ಹೊನ್ನೂರುಸ್ವಾಮಿ ಅದಿರಿನ ಲಾರಿಗಳ ಮಾಲೀಕ. ಅವನ ಮನಸ್ಸಿನಲ್ಲಿ ಪಾರ್ಕಿನ ಚಿತ್ರ ಆಗಲೇ ಸಿದ್ಧವಾಗಿತ್ತು.

"ಎರಡೂ ಸೈಡ್ ಪಾಮ್ ಹಾಕೋಣ್ರಿ ಮಾಸ್ತರ. ರಿಸಾರ್ಟ್ ಹಂಗ ಮಸ್ತ್ ಕಾಣ್ತತಿ."

"ಪಾಮಿನ ನೆರಳಿಗೆ ಒಬ್ಬ ಮನಿಷ್ಯಾ ನಿಲ್ಲಬೇಕಂದ್ರ ಅವನೂ ಕಂಬದಂಗ ಇರಬೇಕಪ! ಕಮರ ಹಾಕು."

"ಆ ಹೆಸರನ್ನ ಯಾರೂ ಕೇಳಿಲ್ಲ. ಆತು, ಬರೋ ಐತವಾರ ಕಮಿಟಿ ಕರಕೊಂಡು ನಿಮ್ಮ ಮನಿಗೆ ಬರ್ತೀನಿ. ಗಿಡ ನೋಡಿ ಎಲ್ಲಾರೂ ಹೌದಂದ್ರ ನಿಮ್ಮ ಕಮರ, ಇಲ್ಲಂದ್ರ ನನ್ನ ಪಾಮ್. ಆಮ್ಯಾಲೆ ಮಾತಿಲ್ಲ."

ಬರುವ ಐತವಾರ, ಅಂದರೆ ಭಾನುವಾರ, ಅಕ್ಟೋಬರ್ ೫. ಅದಕ್ಕೆ ಮೊದಲು ಗುರುವಾರ, ೨ನೆಯ ತಾರೀಖು, ವಿಜಯದಶಮಿ. ಹಬ್ಬದ ದಿನ ಬೆಳಿಗ್ಗೆಯಿಂದ ಉಜ್ಜಿನಪ್ಪನವರು ಮದುಮಗನಿಗೆ ಎರೆಯುವಂತೆ ಮರಕ್ಕೆ ಪೈಪು ಹಿಡಿದು ಎಲೆಯೆಲೆಯ ಧೂಳು ತೊಳೆದರು. ಸಂಜೆ ಪಂಪಾವತಿಯವರು ರೇಷ್ಮೆ ಸೀರೆಯುಟ್ಟು ಹೊರಗೆ ಬಂದು ಕೇಳಿದರು:

"ಏನ್ರಿ, ಬನ್ನಿ ಎಲ್ಲಿ?"

ಮೇಷ್ಟರ ಕೈಯ ಪೈಪು ನೆಲಕ್ಕೆ ಬಿತ್ತು. ನಮ್ಮ ಸೀಮೆಯಲ್ಲಿ ವಿಜಯದಶಮಿಯ ಸಂಜೆ ಬನ್ನಿಯ ಎಲೆಯಿಲ್ಲದೆ ಹಿರಿಯರ ಮನೆಗೆ ಹೋಗುವುದೆಂದರೆ ಅಕ್ಷತೆಯಿಲ್ಲದೆ ಮದುವೆಗೆ ಹೋದಂತೆ. ಎಲೆಯನ್ನು ಕೈಗಿತ್ತು, "ಬನ್ನಿ ತಗೊಂಡು ಬಂಗಾರದಂಗ ಇರೋಣ" ಎಂದು ಕಾಲಿಗೆ ಬೀಳಬೇಕು. ಬೆಳಿಗ್ಗೆಯೇ ಪಂಪಾವತಿಯವರು ಅದನ್ನು ತರಲು ಹೇಳಿದ್ದರು; ಮೇಷ್ಟರು ಮರೆತಿದ್ದರು. ಈಗ ಪೇಟೆಯಲ್ಲಿ ಒಂದು ಕಡ್ಡಿಯೂ ಉಳಿದಿರದು.

ಮೇಷ್ಟರು ಮೇಲೆ ನೋಡಿದರು. ಕಮರದ ಜೋಡಿ ಎಲೆಗಳು ಫಳಫಳಿಸುತ್ತಿದ್ದವು. ಪೇಟೆಯಲ್ಲಿ ಬನ್ನಿಯೆಂದು ಕೊಡುವ ಕಟ್ಟಿನಲ್ಲಿ ಇಂಥ ಕವಲೆಲೆಯ ಕೊಂಬೆಗಳೂ ಬೆರೆತಿರುವುದುಂಟು. ಯಾರು ಭೂತಗನ್ನಡಿ ಹಿಡಿಯುತ್ತಾರೆ?

"ಬ್ಯಾಡ್ರಿ" ಎಂದರು ಪಂಪಾವತಿ.

"ಒಂದ ಕಡ್ಡಿ. ಅದೂ ಉಚ್ಚೆಂಗೆಪ್ಪಜ್ಜನ ಮನಿಗಷ್ಟ."

ಎದುರು ಮನೆಯ ಉಚ್ಚೆಂಗೆಪ್ಪಜ್ಜನಿಗೆ ಕಣ್ಣಿನ ಪೊರೆ ತೆಗೆಸಿ ಕಪ್ಪು ಕನ್ನಡಕ ಹಾಕಿದ್ದರು. ಅಜ್ಜ ಎಲೆಯನ್ನು ಬೆರಳಲ್ಲಿ ಸವರಿ, ಕನ್ನಡಕದ ಮೇಲೆಯೇ ಭಕ್ತಿಯಿಂದ ಒತ್ತಿಕೊಂಡು, "ಎಷ್ಟು ತಾಜಾ ಐತಲೇ! ಯಾವ ಸಂತ್ಯಾಗ ತಂದಿ?" ಎಂದ.

ಇಲ್ಲಿ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಒಂಬತ್ತು ವರ್ಷ ಸಾಕಿದ ಹೆಮ್ಮೆ ಸುಮ್ಮನಿರುತ್ತದೆಯೇ? "ಸಂತಿದಲ್ಲಜ್ಜ! ನಮ್ಮ ಅಂಗಳದ್ದು!"

"ಏನು? ಮಾಸ್ತರ ಮನ್ಯಾಗ ಬನ್ನಿ ಗಿಡ ಐತಾ!"

ಅಜ್ಜ ಕಂಪ್ಲಿ ಬಸ್ಸಿನ ಕಂಡಕ್ಟರಾಗಿದ್ದವನು. ಬಸ್ ನಿಲ್ದಾಣದ ಆ ತುದಿಗೆ ಕೇಳಿಸುತ್ತಿದ್ದ ಕಂಠ ನಿವೃತ್ತವಾಗಿರಲಿಲ್ಲ. ಮೊದಲು ಬಂದವಳು ಹಂಪಕ್ಕ, ಅಧ್ಯಕ್ಷ ಹೊನ್ನೂರುಸ್ವಾಮಿಯ ತಾಯಿ. ಹಿಂದೆ ಆರತಿ ತಟ್ಟೆ ಹಿಡಿದ ಹೆಂಗಸರ ದಂಡು. ಕಮರದ ಕಾಂಡಕ್ಕೆ ಅರಿಶಿನ ಬಿತ್ತು, ಕುಂಕುಮ ಬಿತ್ತು, ನೂಲು ಸುತ್ತಿತು, ಕಾಯಿ ಒಡೆಯಿತು.

"ತಾಯೀ, ಅದು..." ಎಂದು ಮೇಷ್ಟರು ಬಾಯಿ ತೆರೆದರು. ಎದುರಿನ ಕಟ್ಟೆಯಲ್ಲಿ ಅಜ್ಜ ಇನ್ನೂ ಎಲೆಯನ್ನು ಕಣ್ಣಿಗೊತ್ತಿಕೊಂಡೇ ಕೂತಿದ್ದ. ಬಾಯಿ ತಾನಾಗಿ ಮುಚ್ಚಿತು.

"ಒಂದ ಒಂದು ಎಸಳು, ಮಾಸ್ತರ!" ಎನ್ನುತ್ತ ಬಂದವರಿಗೆ ಲೆಕ್ಕವಿಲ್ಲ. ಕೈಗೆಟುಕುವ ಎಲೆ ಮುಗಿದ ಮೇಲೆ ಸ್ಟೂಲು ಬಂತು. ಸ್ಟೂಲಿನ ನಂತರ ಏಣಿ. ಕೊನೆಗೆ ಬಂದ ಹೊನ್ನೂರುಸ್ವಾಮಿ ತೋಳುದ್ದದ ರೆಂಬೆಯನ್ನೇ ಲಟಕ್ಕನೆ ಮುರಿದ. "ಮನಿಗೊಂದು, ಆಫೀಸಿಗೊಂದು. ಲಾರಿಗೆಲ್ಲ ಒಂದೊಂದು ಕಟ್ಟಬೇಕ್ರಿ!"

ಶುಕ್ರವಾರ ಬೆಳಿಗ್ಗೆ ನೋಡಿದರೆ ಮರದ ಬದಲು ಬಟ್ಟೆ ಹರಿದ ಕೊಡೆಯೊಂದು ಅಂಗಳದಲ್ಲಿ ನಿಂತಿತ್ತು! ಉಜ್ಜಿನಪ್ಪನವರು ಅದರ ಬುಡದಲ್ಲಿ ಕುಸಿದು ಕೂತರು.

"ಏಳ್ರಿ" ಎಂದರು ಪಂಪಾವತಿ, ಕಾಫಿ ಲೋಟ ಕೈಗಿಡುತ್ತ. "ಆಡು ತಿಂದ್ರೂ ಸಾಯದ ಗಿಡ, ಹಂಪಕ್ಕಗ ಸಾಯ್ತತೇನು? ಚಿಗೀತತಿ."

"ಐತವಾರದೊಳಗ ಚಿಗೀತತೇನು?"

ಪಂಪಾವತಿಯವರು ಪೊರಕೆ ಹಿಡಿದು ಉದುರಿದ ಎಲೆಗಳನ್ನು ಗುಡಿಸತೊಡಗಿದರು.

ಐತವಾರ ಕಮಿಟಿ ಬಂತು; ಹಿಂದೆಯೇ ಹಂಪಕ್ಕ, ಉಚ್ಚೆಂಗೆಪ್ಪಜ್ಜ ಇಬ್ಬರೂ ಬಂದು ಕೂತರು. ಹೊನ್ನೂರುಸ್ವಾಮಿ ಬೋಳುಮರಕ್ಕೆ ಕೈಮುಗಿದು, ಕುರ್ಚಿಯಲ್ಲಿ ಕೂತು, ಗಂಟಲು ಸರಿಪಡಿಸಿಕೊಂಡ. "ಪಾಮ್ ಕ್ಯಾನ್ಸಲ್! ಕಮರ ಅಂದ್ರ ಬನ್ನಿ ಅಂತ ಮೊದಲ ಹೇಳಬಾರದೇನ್ರಿ ಮಾಸ್ತರ! ಇಂಥಾ ಬನ್ನಿ ನಾನೆಲ್ಲೂ ಕಂಡಿಲ್ಲ. ಪಾರ್ಕಿನ ತುಂಬ ಇದನ್ನ ಹಾಕೋಣ. ಎಲ್ಲಾರೂ ಹೌದಂತೀರಾ?"

"ಹೌದು!" ಎಂದಿತು ಕಮಿಟಿ.

ಗೆಲುವು ಬಾಗಿಲು ತಟ್ಟದೆಯೇ ಒಳಗೆ ಬಂದು ಕೂತಿತ್ತು! "ಬಾಯಿ ಮುಚ್ಚಿಕೊಂಡು ಕುಂದ್ರಿ" ಎಂದು ಪಂಪಾವತಿಯವರು ಕಿವಿಯಲ್ಲಿ ಉಸುರಿದರು. ಆದರೆ ಒಂದು ತಪ್ಪು ಹೆಸರಿಗೆ ಅರ್ಧ ಅಂಕ ಕಳೆಯುತ್ತ ಜೀವ ಸವೆಸಿದ ಮನುಷ್ಯ, ಪಾರ್ಕು ತುಂಬ ತಪ್ಪು ಹೆಸರು ನೆಡುವುದನ್ನು ಹೇಗೆ ನೋಡಿಯಾರು? ಎದ್ದು ನಿಂತರು.

"ಇದು ಬನ್ನಿ ಅಲ್ಲ. ಕಮರ. ಬನ್ನಿ ತರೋದು ಮರ್ತಿದ್ದೆ. ಸುಳ್ಳು ಹೇಳಿದೆ."

ಕಮಿಟಿಯವರೆಲ್ಲ ಒಟ್ಟಿಗೆ ಮರದ ಕಡೆ ತಿರುಗಿದರು.

"ಹಂಗಾದ್ರ ನಾನು ಕಣ್ಣಿಗೆ ಒತ್ತಿಕೊಂಡಿದ್ದೇನಲೇ?" ಎಂದ ಉಚ್ಚೆಂಗೆಪ್ಪಜ್ಜ.

"ಲಾರಿಗೆಲ್ಲ ಕಟ್ಟೀನಲ್ರಿ ಮಾಸ್ತರ!" ಹೊನ್ನೂರುಸ್ವಾಮಿಯ ಮುಖ ಅದಿರಿನ ಬಣ್ಣಕ್ಕೆ ತಿರುಗಿತು. "ಮುಗೀತು. ಪಾಮ್ ಅಂದ್ರ ಪಾಮ್!"

"ಕುಂದ್ರಲೇ!" ಎಂದಳು ಹಂಪಕ್ಕ.

"ಅವ್ವಾ, ನಿನಗ ಗೊತ್ತಾಗಂಗಿಲ್ಲ..."

"ಯಾವುದು ಗೊತ್ತಾಗಂಗಿಲ್ಲ? ನನ್ನ ಕೈಯಾರ ಅರಿಶಿಣ ಕುಂಕುಮ ಹಚ್ಚೀನಿ, ನೂಲು ಸುತ್ತೀನಿ, ಸೆರಗೊಡ್ಡಿ ಬೇಡಿಕೊಂಡೀನಿ. ಕುಂಕುಮ ಹಚ್ಚಿದ ಮ್ಯಾಲ ದೇವರಿಗೆ ನೀನ್ಯಾರಪ ಅಂತ ಕೇಳ್ತಾರೇನು? ಬನ್ನಿಯಾರ ಇರ್ಲಿ, ಕಮರಾರ ಇರ್ಲಿ. ಕೈಮುಗಿದ ಗಿಡ ಬಿಟ್ಟು ಪಾಮ್ ಹಾಕಿದ್ರ ಮನಿಗೆ ಬರಬ್ಯಾಡ. ಆ ಪಾಮಿನ ನೆಳ್ಳಾಗ ಮಲಕೋ!"

ಲಾರಿಗಳ ಒಡೆಯ ಮೆಲ್ಲಗೆ ಕೂತ. ಕಮಿಟಿ ಮತ್ತೊಮ್ಮೆ "ಹೌದು!" ಎಂದಿತು. ಈ ಸಲ ಸ್ವಲ್ಪ ಹೆದರಿಕೊಂಡು.

ಎಲ್ಲರೂ ಹೋದ ಮೇಲೆ ಉಜ್ಜಿನಪ್ಪನವರು ಎದೆಯುಬ್ಬಿಸಿದರು. "ನೋಡಿದ್ಯಾ? ಸತ್ಯ ಗೆಲ್ತು."

"ಸತ್ಯ ಹೇಳಿದ್ರಿ, ಅದು ಭಾಳ ಚಲೋ ಆತು" ಎಂದರು ಪಂಪಾವತಿ, ನಿಜವಾದ ಮೆಚ್ಚುಗೆಯಿಂದಲೇ. "ಗೆದ್ದಾಕಿ ಮಾತ್ರ ಹಂಪಕ್ಕ."

ನವೆಂಬರ್ ೨, ಭಾನುವಾರ. ಸಂಡೂರಿನ ಕಡೆಯ ನರ್ಸರಿಯಿಂದ ಬಂದ ಕಮರದ ಸಸಿಗಳು ಪಾರ್ಕಿನ ಗುಂಡಿಗಳ ಪಕ್ಕ ಸಾಲಾಗಿ ನಿಂತಿದ್ದವು. ಬಡಾವಣೆಯೆಲ್ಲ ನೆರೆದಿತ್ತು. ಈ ಗಳಿಗೆಗಾಗಿ ಒಂಬತ್ತು ವರ್ಷ ಕಾದಿದ್ದ ಉಜ್ಜಿನಪ್ಪನವರು ಹೊಸ ಪಂಚೆಯುಟ್ಟು, ಮೊದಲ ಸಸಿಯ ಮುಂದೆ ಬಂದು, ಕೈಯೆತ್ತಿ ಗಂಭೀರ ಸ್ವರದಲ್ಲಿ, ಕಮರದ ಸಸ್ಯಶಾಸ್ತ್ರೀಯ ಹೆಸರಿನಿಂದಲೇ, ಭಾಷಣಕ್ಕೆ ತೊಡಗಿದರು:

"ಮಹನೀಯರೇ, ಹಾರ್ಡ್‌ವಿಕಿಯಾ ಬೈನಾಟಾ..."

"ಮಾಸ್ತರ!" ಹಂಪಕ್ಕ ಆರತಿ ತಟ್ಟೆಯ ಹಿಂದಿನಿಂದ ಗದರಿದಳು. "ಮಂತ್ರ ಆಮ್ಯಾಲೆ ಹೇಳೀರಂತ. ಮೊದ್ಲು ಚಪ್ಪಲಿ ಬಿಟ್ಟು ಬರ್ರಿ!"